ಸುದ್ದಿ ಉರು ಹೊಡೆದವರ ಕೈಗೆ ತಾಲ್ಲೂಕು

ಧಾರವಾಡದ ಸಪ್ತಾಪುರಕ್ಕೋ ಬೆಂಗಳೂರಿನ ವಿಜಯನಗರ, ಚಂದ್ರಾ ಲೇಔಟ್ ಕಡೆಗೋ ಕೆಎಎಸ್, ಐಎಎಸ್ ಎಂದು ಊರು ಬಿಟ್ಟು ಬರುವ ಹುಡುಗ ಹುಡುಗಿಯರಿಗೆ ಮೊದಲ ದಿನವೇ ಸಿಗುವ ಬುದ್ಧಿಮಾತು ಒಂದೇ: ಏನು ಬಿಟ್ಟರೂ ಕರೆಂಟ್ ಅಫೇರ್ಸ್ ಬಿಡಬೇಡಿ. ಬೆಳಿಗ್ಗೆ ಪತ್ರಿಕೆ, ಆಮೇಲೆ ಯೂಟ್ಯೂಬಿನಲ್ಲಿ ಅದೇ ಪತ್ರಿಕೆಯ ವಿಶ್ಲೇಷಣೆ, ಮಧ್ಯಾಹ್ನ ಟೆಲಿಗ್ರಾಂನಲ್ಲಿ ಬಂದ ಪಿಡಿಎಫ್, ರಾತ್ರಿ ಅದರ ಮೇಲೊಂದು ಕ್ವಿಜ್. ತಿಂಗಳು ಮುಗಿದರೆ ಮಾಸಿಕ, ಪ್ರಿಲಿಮ್ಸ್ ಹತ್ತಿರ ಬಂದರೆ ಇಡೀ ವರ್ಷದ ಸಂಕಲನ. ಇದನ್ನು ಪ್ರಶ್ನಿಸುವವರು ಯಾರೂ ಇಲ್ಲ. ಕಾಲೇಜಿನ ಮೇಷ್ಟ್ರು, ಆಯ್ಕೆಯಾಗಿ ಸನ್ಮಾನದ ವೇದಿಕೆ ಹತ್ತಿದ ಅಧಿಕಾರಿ, ಸಾಲ ಮಾಡಿ ದುಡ್ಡು ಕಳಿಸುವ ಅಪ್ಪ ಎಲ್ಲರೂ ಹೇಳುವುದು ಒಂದೇ ಮಾತು. ದೇಶದ ಆಗುಹೋಗು ದಿನದಿನವೂ ತಿಳಿದವನೇ ನಾಳೆ ಒಳ್ಳೆಯ ಅಧಿಕಾರಿಯಾಗುತ್ತಾನೆ ಎಂಬ ನಂಬಿಕೆ ಅವರದು.

ಈ ನಂಬಿಕೆ ತಪ್ಪು, ಅಷ್ಟೇ ಅಲ್ಲ, ಇದರಿಂದ ಕೆಡುಕೇ ಆಗುತ್ತಿದೆ. ದಿನವೂ ಸುದ್ದಿ ಗಟ್ಟಿ ಮಾಡುವ ಈ ಪದ್ಧತಿ ಆಡಳಿತಕ್ಕೆ ಯಾರನ್ನೂ ತಯಾರು ಮಾಡುವುದಿಲ್ಲ. ಆಡಳಿತ ನಿಜವಾಗಿ ನಡೆಯುವ ಜಾಗದ ಕಡೆಗೆ ತಿರುಗಿಯೂ ನೋಡದಂತೆ ನಮ್ಮ ಚುರುಕು ಮಕ್ಕಳನ್ನು ಐದಾರು ವರ್ಷ ಪಳಗಿಸುತ್ತದೆ. ಹಾಗೆ ಪಳಗಿ ಬಂದವರ ಕೈಗೆ ನಾವು ಒಂದು ತಾಲ್ಲೂಕನ್ನೋ ಉಪವಿಭಾಗವನ್ನೋ ಕೊಡುತ್ತೇವೆ.

ನೋಟ್ಸ್‌ನ ಒಂದು ಪುಟ ತೆರೆದರೆ ಸಾಕು. ಯೋಜನೆಯ ಹೆಸರು, ಯಾವ ಸಚಿವಾಲಯ, ಎಂದು ಆರಂಭ, ಎಷ್ಟು ಕೋಟಿ, ಕೇಂದ್ರ ಮತ್ತು ರಾಜ್ಯದ ಪಾಲು ಎಷ್ಟು. ಅದರ ಕೆಳಗೆ ಮಹತ್ವ, ಸವಾಲುಗಳು, ಮುಂದಿನ ದಾರಿ. ಸವಾಲುಗಳಲ್ಲಿ ‘ಜಾಗೃತಿಯ ಕೊರತೆ’, ‘ಮೂಲಸೌಕರ್ಯದ ಕೊರತೆ’, ಮುಂದಿನ ದಾರಿಯಲ್ಲಿ ‘ತಂತ್ರಜ್ಞಾನದ ಬಳಕೆ’, ‘ಸಮುದಾಯದ ಸಹಭಾಗಿತ್ವ’. ಇದನ್ನು ಹೈನುಗಾರಿಕೆ ಯೋಜನೆಗೂ ಬರೆಯಬಹುದು, ಸೈಬರ್ ಅಪರಾಧಕ್ಕೂ ಬರೆಯಬಹುದು. ಮಾಹಿತಿ ಬಂದದ್ದು ಎಲ್ಲಿಂದ? ಬಹುಪಾಲು ಸರ್ಕಾರ ತನ್ನ ಕೆಲಸದ ಬಗ್ಗೆ ತಾನೇ ಹೊರಡಿಸಿದ ಪತ್ರಿಕಾ ಪ್ರಕಟಣೆಯಿಂದ. ಸರ್ಕಾರ ತನ್ನನ್ನು ಹೊಗಳಿಕೊಂಡ ಮಾತು ಹಾಗೇ ಸತ್ಯವಾಗಿ ವಿದ್ಯಾರ್ಥಿಯ ತಲೆಗೆ ಇಳಿಯುತ್ತದೆ. ಯೋಜನೆ ಆ ಊರಿಗೆ ತಲುಪಿತೇ, ಹಣ ಯಾವ ಖಾತೆಯಲ್ಲಿ ನಿಂತಿತು, ಫಲಾನುಭವಿಗಳ ಪಟ್ಟಿ ಮಾಡಿದವರು ಯಾರು ಎಂಬ ಪ್ರಶ್ನೆಗೆ ಆ ಪುಟದಲ್ಲಿ ಜಾಗವೇ ಇಲ್ಲ. ಲೆಕ್ಕಪರಿಶೋಧಕರ ವರದಿ, ಅಂದರೆ ಸಿಎಜಿ ವರದಿ, ಇದನ್ನೇ ಕೇಳುತ್ತದೆ. ಆದರೆ ನೋಟ್ಸ್‌ನಲ್ಲಿ ಸಿಎಜಿ ಎಂದರೆ 148ನೇ ವಿಧಿ, ಅಷ್ಟೇ.

ರ‍್ಯಾಂಕುಗಳ ಹುಚ್ಚು ಇದಕ್ಕಿಂತ ಕೆಟ್ಟದ್ದು. ವಿಶ್ವ ಬ್ಯಾಂಕಿನ ‘ಈಸ್ ಆಫ್ ಡೂಯಿಂಗ್ ಬಿಸಿನೆಸ್’ ಪಟ್ಟಿಯಲ್ಲಿ ಭಾರತ 142ರಿಂದ 63ಕ್ಕೆ ಏರಿತು ಎಂದು ಲಕ್ಷಾಂತರ ಮಂದಿ ವರ್ಷಗಟ್ಟಲೆ ಗಟ್ಟಿ ಮಾಡಿದರು, ಉತ್ತರಪತ್ರಿಕೆಗಳಲ್ಲಿ ಸುಶಾಸನಕ್ಕೆ ಸಾಕ್ಷಿಯಾಗಿ ಬರೆದರು. 2021ರ ಸೆಪ್ಟೆಂಬರ್‌ನಲ್ಲಿ ವಿಶ್ವ ಬ್ಯಾಂಕ್ ಆ ವರದಿಯನ್ನೇ ನಿಲ್ಲಿಸಿತು. 2018 ಮತ್ತು 2020ರ ಆವೃತ್ತಿಗಳ ದತ್ತಾಂಶದಲ್ಲಿ ಅಕ್ರಮ ನಡೆದಿದ್ದು ಹೊರಬಂದಿತ್ತು. ಅಂಕಿಯನ್ನು ಬಾಯಿಪಾಠ ಮಾಡಿಸಿದವರಲ್ಲಿ ಎಷ್ಟು ಮಂದಿ ಅದನ್ನು ಅಳೆದದ್ದು ಹೇಗೆ ಎಂದು ಹೇಳಿಕೊಟ್ಟಿದ್ದರು? ಭಾರತದ ಮಟ್ಟಿಗೆ ಆ ಪಟ್ಟಿ ದೆಹಲಿ ಮುಂಬೈಗಳನ್ನು ನೋಡಿ ಇಡೀ ದೇಶಕ್ಕೆ ಅಂಕ ಕೊಡುತ್ತಿತ್ತು ಎಂದು ಯಾವ ತರಗತಿಯಲ್ಲಿ ಚರ್ಚೆಯಾಯಿತು? ಅಂಕಿಯನ್ನು ಅನುಮಾನಿಸುವುದು ಅಧಿಕಾರಿಗೆ ಬೇಕಾದ ಮೊದಲ ಗುಣ. ನಮ್ಮ ತಯಾರಿ ಆ ಗುಣವನ್ನೇ ಕೊಲ್ಲುತ್ತದೆ.

ಸಕಾಲವನ್ನೇ ತೆಗೆದುಕೊಳ್ಳಿ. ನೋಟ್ಸ್‌ನಲ್ಲಿ ಅದಕ್ಕೆ ನಾಲ್ಕು ಸಾಲು: ಕರ್ನಾಟಕ ನಾಗರಿಕರಿಗೆ ಸೇವೆಗಳ ಖಾತರಿ ಅಧಿನಿಯಮ 2011, ಆರಂಭ 2012ರ ಏಪ್ರಿಲ್ 2, ತಡವಾದರೆ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರ. ಎಲ್ಲವೂ ಸರಿ. ಈಗ ನಾಡಕಚೇರಿಯ ಕೌಂಟರ್ ಮುಂದೆ ನಿಲ್ಲಿ. ಅರ್ಜಿ ಕೊಟ್ಟ ರೈತನ ಕೈಗೆ ಜಿಎಸ್‌ಸಿ ಸಂಖ್ಯೆಯ ಸ್ವೀಕೃತಿ ಬರುತ್ತದೆ. ನಿಗದಿತ ಅವಧಿಯ ಕೊನೆಯ ದಿನ ‘ದಾಖಲೆ ಸಾಲದು’ ಎಂದು ಷರಾ ಬರೆದು ಅರ್ಜಿ ತಿರಸ್ಕರಿಸಿದರೂ ಲೆಕ್ಕದಲ್ಲಿ ಅದು ಸಕಾಲದಲ್ಲಿ ವಿಲೇವಾರಿಯಾದ ಅರ್ಜಿಯೇ. ಅವನು ಮತ್ತೆ ಅರ್ಜಿ ಹಾಕಬೇಕು, ಮತ್ತೆ ಹೊಸ ಸಂಖ್ಯೆ, ಮತ್ತೆ ದಿನ ಎಣಿಸಬೇಕು. ಪರಿಹಾರ ಬೇಕೆಂದರೆ ಮೇಲ್ಮನವಿ ಹಾಕಬೇಕು. ಮುಂದಿನ ಎಲ್ಲ ಕೆಲಸಕ್ಕೂ ಅದೇ ಕಚೇರಿಗೆ ಬರಬೇಕಾದವನು 20 ರೂಪಾಯಿಗಾಗಿ ಅಲ್ಲಿಯ ನೌಕರರನ್ನು ಎದುರು ಹಾಕಿಕೊಳ್ಳುತ್ತಾನೆಯೇ? ಪರಿಹಾರ ಕೇಳಿ ಪಡೆದ ಒಬ್ಬರನ್ನಾದರೂ ನಿಮ್ಮೂರಲ್ಲಿ ಕಂಡಿದ್ದೀರಾ? ಒಳ್ಳೆಯ ಕಾನೂನು ಎಲ್ಲಿ ಸೋರುತ್ತದೆ, ಸೋರುವ ಜಾಗವನ್ನು ಮುಚ್ಚುವುದು ಹೇಗೆ ಎಂದು ಯೋಚಿಸುವುದೇ ಆಡಳಿತದ ಅಧ್ಯಯನ. ಏಪ್ರಿಲ್ 2 ಎಂಬ ತಾರೀಖಿನಿಂದ ಅದು ಬರುವುದಿಲ್ಲ.

ಇನ್ನು ಎಸಿ ಕೋರ್ಟು. ಐಎಎಸ್ ಆಗಲಿ ಕೆಎಎಸ್ ಆಗಲಿ, ಸೇವೆಯ ಆರಂಭದ ವರ್ಷಗಳಲ್ಲಿ ಅನೇಕರು ಕೂರುವುದು ಉಪವಿಭಾಗಾಧಿಕಾರಿಯ, ಅಂದರೆ ಎಸಿಯ, ಕುರ್ಚಿಯಲ್ಲಿ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆ ಪೋಷಣೆ ಕಾಯ್ದೆಯಡಿ ನಮ್ಮ ರಾಜ್ಯದಲ್ಲಿ ನ್ಯಾಯಮಂಡಳಿಯ ಅಧ್ಯಕ್ಷತೆ ಅವರದೇ. ಎಪ್ಪತ್ತು ದಾಟಿದ ತಾಯಿಯೊಬ್ಬಳು ಎದುರಿಗೆ ಬಂದು ನಿಂತಿದ್ದಾಳೆ ಎಂದುಕೊಳ್ಳಿ. ಮನೆಯನ್ನು ಮಗನ ಹೆಸರಿಗೆ ದಾನಪತ್ರ ಮಾಡಿಕೊಟ್ಟಿದ್ದಾಳೆ. ಮಗ ಈಗ ಊಟ ಹಾಕುತ್ತಿಲ್ಲ, ಮನೆಯಿಂದ ಹೊರಗೆ ಹಾಕಿದ್ದಾನೆ. ಕಾಯ್ದೆಯ 23ನೇ ಕಲಮು ಅಂಥ ದಾನವನ್ನು ಅನೂರ್ಜಿತ ಎಂದು ಘೋಷಿಸಲು ಅವಕಾಶ ಕೊಡುತ್ತದೆ. ಆದರೆ ನೋಡಿಕೊಳ್ಳಬೇಕು ಎಂಬ ಷರತ್ತು ಆ ವರ್ಗಾವಣೆಗೆ ಅಂಟಿಕೊಂಡಿತ್ತು ಎಂದು ತೋರಿಸಬೇಕು. ಹೆತ್ತ ಮಗನಿಗೆ ಆಸ್ತಿ ಕೊಡುವಾಗ ಷರತ್ತು ಬರೆಸುವ ತಾಯಿ ನಮ್ಮ ಹಳ್ಳಿಗಳಲ್ಲಿ ಎಷ್ಟು ಮಂದಿ? ‘ಪ್ರೀತಿ ವಿಶ್ವಾಸದಿಂದ’ ಎಂದು ಪತ್ರ ಬರೆಯುವವನು ತನ್ನ ರೂಢಿಯಂತೆ ಬರೆದಿರುತ್ತಾನೆ, ಆಕೆ ಹೆಬ್ಬೆಟ್ಟು ಒತ್ತಿರುತ್ತಾಳೆ.

ಸುಪ್ರೀಂ ಕೋರ್ಟ್ 2022ರ ಡಿಸೆಂಬರ್‌ನಲ್ಲಿ ಸುದೇಶ್ ಛಿಕಾರಾ ಪ್ರಕರಣದಲ್ಲಿ ಷರತ್ತು ಇರಲೇಬೇಕು, ಅದನ್ನು ಸಾಬೀತು ಮಾಡಲೇಬೇಕು ಎಂದಿತು. 2025ರ ಜನವರಿಯಲ್ಲಿ ಊರ್ಮಿಳಾ ದೀಕ್ಷಿತ್ ಪ್ರಕರಣದಲ್ಲಿ, ಇದು ಹಿರಿಯರ ರಕ್ಷಣೆಗಾಗಿ ಬಂದ ಕಾಯ್ದೆ, ಉದಾರವಾಗಿ ಓದಬೇಕು ಎಂದು ಹೇಳಿ ತಾಯಿಯ ಪರವಾಗಿ ತೀರ್ಪು ಕೊಟ್ಟಿತು. ಅಲ್ಲಿ ಮಗ ಬರೆದುಕೊಟ್ಟಿದ್ದ ಒಂದು ವಾಗ್ದಾನ ಪತ್ರವೂ ಇತ್ತು. ಕರೆಂಟ್ ಅಫೇರ್ಸ್ ಪಿಡಿಎಫ್‌ನಲ್ಲಿ ಇವು ಎರಡು ಬೇರೆ ಬೇರೆ ತಿಂಗಳ ಎರಡು ಒಂದು ಸಾಲಿನ ಉತ್ತರಗಳು. ಎಸಿಗೆ ಇವು ಎದುರಿಗೆ ನಿಂತ ಹೆಂಗಸಿನ ಸೂರು. ಈ ತೀರ್ಪಿಗೂ ಆ ತೀರ್ಪಿಗೂ ಇರುವ ಅಂತರ ಏನು, ಈ ತಾಯಿಯ ಪ್ರಕರಣ ಯಾವುದಕ್ಕೆ ಹತ್ತಿರ, ಷರತ್ತು ಇತ್ತು ಎನ್ನಲು ಯಾವ ಸಾಕ್ಷ್ಯ ಕೇಳಬೇಕು, ಮಗ ಹೈಕೋರ್ಟಿಗೆ ಹೋದರೂ ನಿಲ್ಲುವಂಥ ಆದೇಶ ಬರೆಯುವುದು ಹೇಗೆ? ಒಂದು ವರ್ಷ ದಿನಾ ಎರಡು ತಾಸು ಸುದ್ದಿ ಓದಿದವನಿಗೆ ಈ ನಾಲ್ಕು ಪ್ರಶ್ನೆಗಳಲ್ಲಿ ಒಂದಕ್ಕೂ ಉತ್ತರ ಗೊತ್ತಿರುವುದಿಲ್ಲ. ಆ ಒಂದು ಕಾಯ್ದೆಯನ್ನೂ ಎರಡು ತೀರ್ಪುಗಳನ್ನೂ ಒಂದು ವಾರ ಕೂತು ಓದಿದವನಿಗೆ ಗೊತ್ತಿರುತ್ತದೆ. ಹಾಗಿದ್ದರೆ ಆ ವಾರವನ್ನು ‘ಟೈಮ್ ವೇಸ್ಟ್’ ಎಂದು ಕಲಿಸುವ ಪದ್ಧತಿಯನ್ನು ನಾವು ಯಾಕೆ ಗೌರವಿಸಬೇಕು?

ತಯಾರಿ ನಡೆಸುವ ಬಹುಪಾಲು ಮಕ್ಕಳು ಹಳ್ಳಿಯಿಂದ ಬಂದವರು. ಅವರ ಮನೆಯ ಪೆಟ್ಟಿಗೆಯಲ್ಲಿ ಒಂದು ಪಹಣಿ ಇರುತ್ತದೆ. ಅದರ 9ನೇ ಕಾಲಂನಲ್ಲಿ ಯಾರ ಹೆಸರಿದೆ? ತೀರಿಹೋದ ಅಜ್ಜನದೇ? ಹಾಗಿದ್ದರೆ ಪೌತಿ ಖಾತೆ ಯಾಕೆ ಆಗಿಲ್ಲ? 11ನೇ ಕಾಲಂನಲ್ಲಿ ಯಾವ ಸಾಲ ಕೂತಿದೆ? 12ರಲ್ಲಿ ಬರೆದ ಬೆಳೆ ಹೊಲದಲ್ಲಿ ಇದೆಯೇ? ಬೆಳೆ ತಪ್ಪಾಗಿ ದಾಖಲಾದರೆ ಪರಿಹಾರದ ಗತಿ ಏನು? ಮ್ಯುಟೇಶನ್‌ಗೆ ತಕರಾರು ಬಂದರೆ ತಹಶೀಲ್ದಾರರು ಏನು ಮಾಡಬೇಕು, 1964ರ ಭೂಕಂದಾಯ ಕಾಯ್ದೆಯ 136ನೇ ಕಲಮಿನಡಿ ಎಸಿ ಮುಂದೆ ಮೇಲ್ಮನವಿ ಹೇಗೆ ನಡೆಯುತ್ತದೆ? ಪಹಣಿಗಳನ್ನು ಗಣಕೀಕರಿಸಿದ ‘ಭೂಮಿ’ ಯೋಜನೆಯನ್ನು ಇ-ಆಡಳಿತದ ಯಶೋಗಾಥೆ ಎಂದು ಬರೆದು ಅಂಕ ಪಡೆಯುವ ಅಭ್ಯರ್ಥಿಗೆ ತನ್ನಪ್ಪ ಪೋಡಿಗಾಗಿ ಅಲೆದ ವರ್ಷಗಳು ಆಡಳಿತದ ಪಾಠ ಎಂದು ಅನಿಸಿಯೇ ಇರುವುದಿಲ್ಲ. ಹಾಗೆ ಅನಿಸದಂತೆ ನಾವೇ ಕಲಿಸಿದ್ದೇವೆ.

ಪತ್ರಿಕೆ ಓದಬಾರದು ಎಂದು ನಾನು ಹೇಳುತ್ತಿಲ್ಲ. ಈ ಮಕ್ಕಳು ಪತ್ರಿಕೆ ಓದುತ್ತಲೇ ಇಲ್ಲ ಎಂಬುದೇ ನನ್ನ ಆಕ್ಷೇಪ. ಪತ್ರಿಕೆಯನ್ನು ಹಿಡಿದ ಕೂಡಲೇ ಅವರು ಬಿಡುವುದು ಜಿಲ್ಲಾ ಪುಟವನ್ನು. ಪರೀಕ್ಷೆಗೆ ಬರುವುದಿಲ್ಲ, ಬಿಡಿ ಎಂದು ಅವರಿಗೆ ಹೇಳಿಕೊಟ್ಟಿದ್ದಾರೆ. ಜಿಲ್ಲಾ ಪುಟದಲ್ಲಿ ಏನಿರುತ್ತದೆ? ಖಾಲಿ ಕೊಡ ಹಿಡಿದು ಪಂಚಾಯಿತಿ ಮುಂದೆ ಕೂತ ಹೆಂಗಸರು, ಸ್ಮಶಾನಕ್ಕೆ ಜಾಗವಿಲ್ಲದೆ ಶವವನ್ನು ತಾಲ್ಲೂಕು ಕಚೇರಿಗೆ ತಂದ ದಲಿತ ಕೇರಿ, ಬೆಳೆ ವಿಮೆ ಬಾರದ ರೈತರು, ಸೋರುವ ಅಂಗನವಾಡಿ. ನಾಳೆ ಇವರು ಉತ್ತರ ಕೊಡಬೇಕಾದವರೆಲ್ಲ ಆ ಪುಟದಲ್ಲಿದ್ದಾರೆ. ಅದನ್ನು ದಾಟಿಸಿ, ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯವೊಂದರ ಅರೆಬೆಂದ ಕನ್ನಡ ಸಾರಾಂಶವನ್ನು ಕೈಗೆ ಕೊಟ್ಟು ಇದೇ ಆಡಳಿತ ಎನ್ನುವುದು ವಂಚನೆ. ಕನ್ನಡ ಮಾಧ್ಯಮದ ವಿದ್ಯಾರ್ಥಿಗೆ ಇದು ಎರಡು ಪಟ್ಟು ವಂಚನೆ. ತನ್ನ ನೆಲದ ಅನುಭವ, ಕಂದಾಯ ಕಚೇರಿಯ ಭಾಷೆ, ಊರಿನ ರಾಜಕೀಯದ ಒಳಗುಟ್ಟು ಅವನ ಬಲ. ಅದಕ್ಕೆ ಬೆಲೆಯಿಲ್ಲ ಎಂದು ಅವನನ್ನು ನಂಬಿಸಿ, ಎರವಲು ಮಾತಿನ ಓಟದಲ್ಲಿ ಹಿಂದೆ ಬೀಳಿಸಲಾಗುತ್ತಿದೆ.

ಸಂವಿಧಾನದ 243ಇ ವಿಧಿ ಯಾವ ಅಭ್ಯರ್ಥಿಗೆ ಬಾರದು? ಪಂಚಾಯಿತಿಗಳ ಅವಧಿ ಐದು ವರ್ಷ, ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಯಬೇಕು. 73ನೇ ತಿದ್ದುಪಡಿ ಜಾರಿಗೆ ಬಂದ ದಿನ 1993ರ ಏಪ್ರಿಲ್ 24 ಎಂದೂ ಗೊತ್ತು. ಕರ್ನಾಟಕದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ, ಆಡಳಿತ ಅಧಿಕಾರಿಗಳ ಕೈಗೆ ಹೋಯಿತು. ಸಂವಿಧಾನ ಕಣ್ಣೆದುರೇ ಮುರಿದು ಬಿದ್ದಿತ್ತು. ಪಂಚಾಯತ್ ರಾಜ್ ಸಚಿವರಾಗಿದ್ದ ನಜೀರ್ ಸಾಬ್ ಅವರ ನಾಡು ಇದು. 1983ರ ಕಾಯ್ದೆ ತಂದು, 1987ರಲ್ಲಿ ಜಿಲ್ಲಾ ಪರಿಷತ್ತುಗಳಿಗೆ ಚುನಾವಣೆ ನಡೆಸಿ, ದೇಶಕ್ಕೇ ದಾರಿ ತೋರಿದ ರಾಜ್ಯ ಇದು. ಸಪ್ತಾಪುರದಿಂದ ವಿಜಯನಗರದವರೆಗೆ ಈ ವಿಧಿಯನ್ನು ಕಣ್ಣು ಮುಚ್ಚಿ ಒಪ್ಪಿಸಬಲ್ಲ ಸಾವಿರಾರು ಯುವಕರಿದ್ದರು. ಅವರಿಗೆ ಇದು ಯಾಕೆ ಆಕ್ರೋಶದ ವಿಷಯವಾಗಲಿಲ್ಲ? ವಿಧಿಯ ಸಂಖ್ಯೆ ಕಲಿಸಿದವರು ಆ ವಿಧಿ ತಮ್ಮ ಊರಿಗೆ ಸಂಬಂಧಿಸಿದ್ದು ಎಂದು ಕಲಿಸಲಿಲ್ಲ.

ಎರಡನೇ ಆಡಳಿತ ಸುಧಾರಣಾ ಆಯೋಗದ ಕತೆಯೂ ಇದೇ. ನಮ್ಮವರೇ ಆದ ವೀರಪ್ಪ ಮೊಯಿಲಿ ಅಧ್ಯಕ್ಷರು, 15 ವರದಿಗಳು, ಇಷ್ಟು ಎಲ್ಲರಿಗೂ ಬಾಯಲ್ಲಿದೆ. ನಾಲ್ಕನೆಯದು ಆಡಳಿತದಲ್ಲಿ ನೈತಿಕತೆ, ಹನ್ನೆರಡನೆಯದು ಪ್ರಜಾಕೇಂದ್ರಿತ ಆಡಳಿತ. ಈ ವರದಿಗಳು ಯಾರು ಬೇಕಾದರೂ ಓದಬಹುದಾದಂತೆ ಉಚಿತವಾಗಿ ಸಿಗುತ್ತವೆ. ಒಂದನ್ನಾದರೂ ಮೊದಲಿಂದ ಕೊನೆಯವರೆಗೆ ಓದಿದವರು ಎಲ್ಲಿದ್ದಾರೆ?

‘ಪರೀಕ್ಷೆ ಹಾಗೆ ಕೇಳುತ್ತದೆ, ಮಕ್ಕಳು ಏನು ಮಾಡಬೇಕು’ ಎಂಬುದು ಇದನ್ನು ಸಮರ್ಥಿಸುವವರ ಮುಖ್ಯ ವಾದ. ಅರ್ಧ ನಿಜ. ಯುಪಿಎಸ್‌ಸಿ ಮೇನ್ಸ್‌ನ ಸಾಮಾನ್ಯ ಅಧ್ಯಯನ ಪತ್ರಿಕೆಗಳ ಪ್ರಶ್ನೆಗಳನ್ನು ತೆಗೆದು ನೋಡಿ, ಬಹುತೇಕ ಪ್ರಶ್ನೆಗಳು ಕಾರಣ ಕೇಳುತ್ತವೆ, ವಿವೇಚನೆ ಕೇಳುತ್ತವೆ. ತಾರೀಖು ಕೇಳುವುದಿಲ್ಲ. ದಿನದ ಪಿಡಿಎಫ್ ಬೇಕಾಗಿರುವುದು ಪರೀಕ್ಷೆಗಿಂತ ಹೆಚ್ಚಾಗಿ ಅದನ್ನು ಮಾರುವವರಿಗೆ. ನಿನ್ನೆ ಓದಿದ್ದು ಸಾಲದು, ಇಂದಿನದು ತಪ್ಪಿದರೆ ಕೆಟ್ಟೆ ಎಂಬ ಭಯ ಇದ್ದರೆ ತಾನೆ ವ್ಯಾಪಾರ? ಆಯ್ಕೆಯಾದವರ ಫೋಟೊ ಹಾಕಿ ಜನರನ್ನು ದಾರಿ ತಪ್ಪಿಸುವ ಜಾಹೀರಾತು ಕೊಟ್ಟದ್ದಕ್ಕಾಗಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಅನೇಕ ಕೋಚಿಂಗ್ ಸಂಸ್ಥೆಗಳಿಗೆ ದಂಡ ಹಾಕಿದೆ, 2024ರ ನವೆಂಬರ್‌ನಲ್ಲಿ ಮಾರ್ಗಸೂಚಿಯನ್ನೇ ತಂದಿದೆ. 2024ರ ಸಾಲಿನ ನಾಗರಿಕ ಸೇವಾ ಪರೀಕ್ಷೆಯಲ್ಲಿ ಕೊನೆಗೆ ಆಯ್ಕೆಯಾದವರು 1,009 ಮಂದಿ. ಅರ್ಜಿ ಹಾಕಿದವರು ಲಕ್ಷಗಟ್ಟಲೆ. ಉಳಿದವರ ಕೈಯಲ್ಲಿ ಉಳಿಯುವುದು ಏನು? ಹಳಸಿದ ಸುದ್ದಿ. ಅದೇ ವರ್ಷಗಳನ್ನು ಕಾನೂನು, ಲೆಕ್ಕ, ಊರಿನ ಆಡಳಿತ ಕಲಿಯಲು ಬಳಸಿದ್ದರೆ ಆಯ್ಕೆಯಾಗದವರೂ ತಮ್ಮ ಪಂಚಾಯಿತಿಗೆ ಆಸ್ತಿಯಾಗುತ್ತಿದ್ದರು.

ಉಳಿದ ಅರ್ಧ ತಪ್ಪು ಪರೀಕ್ಷೆ ನಡೆಸುವವರದು, ಅದರಲ್ಲೂ ನಮ್ಮ ಕೆಪಿಎಸ್‌ಸಿಯದು. 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗೆ 2024ರ ಆಗಸ್ಟ್ 27ರಂದು ನಡೆದ ಪೂರ್ವಭಾವಿ ಪರೀಕ್ಷೆಯ ಕನ್ನಡ ಪ್ರಶ್ನೆಗಳು ತಪ್ಪು ಅನುವಾದದಿಂದ ತುಂಬಿದ್ದವು, ಸರ್ಕಾರ ಮರುಪರೀಕ್ಷೆಗೆ ಆದೇಶಿಸಿತು. ಡಿಸೆಂಬರ್ 29ರ ಮರುಪರೀಕ್ಷೆಯಲ್ಲೂ ತಪ್ಪುಗಳು ಬಂದವು. ಒಂದು ಅಧಿಸೂಚನೆಯಿಂದ ಇನ್ನೊಂದಕ್ಕೆ ನಾಲ್ಕು ವರ್ಷ ಕಾಯಿಸಿದ ಆಯೋಗ, ದಿನದ ಸುದ್ದಿ ಗೊತ್ತಿದೆಯೇ ಎಂದು ಯಾವ ಬಾಯಲ್ಲಿ ಕೇಳುತ್ತದೆ? ಆ ನಾಲ್ಕು ವರ್ಷಗಳಲ್ಲಿ ಅಭ್ಯರ್ಥಿ ಕೊಂಡ ಮಾಸಿಕಗಳೆಲ್ಲ ರದ್ದಿಗೆ ಹೋಗುತ್ತವೆ. ಅವನ ವಯಸ್ಸೂ ಹೋಗುತ್ತದೆ.

‘ಆಯ್ಕೆಯಾದ ಮೇಲೆ ಮಸ್ಸೂರಿಯಲ್ಲಿ, ಮೈಸೂರಿನ ಆಡಳಿತ ತರಬೇತಿ ಸಂಸ್ಥೆಯಲ್ಲಿ ಕಲಿಸುತ್ತಾರಲ್ಲ’ ಎನ್ನುವವರೂ ಇದ್ದಾರೆ. ಐದು ವರ್ಷ ಕೂಡಿಸಿಕೊಂಡ ಅಭ್ಯಾಸವನ್ನು ಕೆಲವು ತಿಂಗಳ ತರಬೇತಿ ತೊಳೆದು ಹಾಕುತ್ತದೆಯೇ? ಪ್ರತಿ ಸಮಸ್ಯೆಗೂ ಮೂರು ತಲೆಬರಹದ ಸಿದ್ಧ ಉತ್ತರ ಬರೆದೇ ಗೆದ್ದವನು ಕಡತದ ಮೇಲೂ ಅದನ್ನೇ ಬರೆಯುತ್ತಾನೆ. ‘ನಿಯಮಾನುಸಾರ ಕ್ರಮ ಕೈಗೊಳ್ಳಿ’ ಎಂಬ ಒಂದು ಸಾಲಿನ ಟಿಪ್ಪಣಿ ಹುಟ್ಟುವುದು ಅಲ್ಲಿಂದ.

2024ರ ಜುಲೈ 27ರಂದು ದೆಹಲಿಯ ಹಳೆ ರಾಜೇಂದ್ರ ನಗರದ ಕೋಚಿಂಗ್ ಕೇಂದ್ರವೊಂದರ ನೆಲಮಾಳಿಗೆಗೆ ಮಳೆನೀರು ನುಗ್ಗಿ ಮೂವರು ಅಭ್ಯರ್ಥಿಗಳು ಸತ್ತರು. ಸಾಮಾನು ಇಡಲು ಅನುಮತಿ ಪಡೆದ ಜಾಗದಲ್ಲಿ ಲೈಬ್ರರಿ ನಡೆಯುತ್ತಿತ್ತು. ಅಂಥ ನೆಲಮಾಳಿಗೆಗಳ ಬಗ್ಗೆ ಅಭ್ಯರ್ಥಿಯೊಬ್ಬರು ಅದಕ್ಕೂ ಮೊದಲೇ ದೂರು ಕೊಟ್ಟಿದ್ದರು, ಕ್ರಮ ಆಗಿರಲಿಲ್ಲ. ಕಟ್ಟಡ ಪರವಾನಗಿ, ಚರಂಡಿ ಹೂಳು, ತಪಾಸಣೆ, ದೂರಿನ ವಿಲೇವಾರಿ: ಅವತ್ತು ಸೋತದ್ದೆಲ್ಲ ಆಡಳಿತವೇ. ಆ ಒಬ್ಬ ಅಭ್ಯರ್ಥಿ ಕೊಟ್ಟ ದೂರು, ಆ ಬೀದಿಯಲ್ಲಿ ಆ ವರ್ಷ ಯಾರಾದರೂ ಬರೆದ ಯಾವುದೇ ಸುಶಾಸನದ ಉತ್ತರಕ್ಕಿಂತ ದೊಡ್ಡದು. ಅದಕ್ಕೆ ಅಂಕ ಕೊಡುವ ಪರೀಕ್ಷೆ ನಮ್ಮಲ್ಲಿಲ್ಲ.

ಅಂಥ ಪರೀಕ್ಷೆ ಮಾಡಲು ಅಡ್ಡಿ ಏನು? ಯಾರು, ಯಾವಾಗ, ಎಷ್ಟನೇ ರ‍್ಯಾಂಕು ಎಂಬ ಪ್ರಶ್ನೆಗಳನ್ನು ಕೆಪಿಎಸ್‌ಸಿ ಮುಂದಿನ ಅಧಿಸೂಚನೆಯಿಂದಲೇ ಕೈಬಿಡಲಿ. ಮುಖ್ಯ ಪರೀಕ್ಷೆಯ ಒಂದು ಪತ್ರಿಕೆಯಲ್ಲಿ ಅಭ್ಯರ್ಥಿಯ ಮುಂದೆ ಒಂದು ಕಡತ ಇಡಲಿ: ಒಂದು ಅರ್ಜಿ, ಪಹಣಿಯ ನಕಲು, ಗ್ರಾಮ ಆಡಳಿತ ಅಧಿಕಾರಿಯ ವರದಿ, ಕಂದಾಯ ನಿರೀಕ್ಷಕರ ಷರಾ, ಎದುರುದಾರನ ತಕರಾರು, ಸಂಬಂಧಪಟ್ಟ ಕಲಮುಗಳ ಮುದ್ರಿತ ಪಠ್ಯ. ಎರಡು ತಾಸು ಕೊಟ್ಟು, ಮೂಲತಃ ಕನ್ನಡದಲ್ಲೇ ಸಿದ್ಧವಾದ ಆ ಕಡತದ ಮೇಲೆ ಕಾರಣ ಸಹಿತ ಆದೇಶ ಬರೆಯಿರಿ ಎನ್ನಲಿ. ಬಾಯಿಪಾಠ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಅನುವಾದದ ಅವಾಂತರವೂ ಇರುವುದಿಲ್ಲ. ಪಿಡಿಎಫ್ ಮಾರುವವರು ಅಂಗಡಿ ಮುಚ್ಚಬೇಕಾಗುತ್ತದೆ, ಮುಚ್ಚಲಿ. ವಿಶ್ವವಿದ್ಯಾಲಯಗಳು ಪದವಿಯಲ್ಲಿ ಒಂದು ಗ್ರಾಮ ಪಂಚಾಯಿತಿಯ ಒಂದು ವರ್ಷದ ಲೆಕ್ಕಪತ್ರವನ್ನು ಪಠ್ಯವಾಗಿ ಇಡಲಿ. ಅಮಲ್ದಾರರಾಗಿದ್ದ ನವರತ್ನ ರಾಮರಾಯರ ‘ಕೆಲವು ನೆನಪುಗಳು’ ಕೋಚಿಂಗ್ ಕೇಂದ್ರದ ಕಪಾಟಿಗೂ ಬರಲಿ.

ಆಯೋಗ ಬದಲಾಗುವವರೆಗೆ ಅಭ್ಯರ್ಥಿ ಕಾಯಬೇಕಾಗಿಲ್ಲ. ಎಸಿ ಕೋರ್ಟಿನ ವಿಚಾರಣೆ ಬಹಿರಂಗವಾಗಿಯೇ ನಡೆಯುತ್ತದೆ, ಹಿಂದಿನ ಬೆಂಚಿನಲ್ಲಿ ಕೂತು ಕೇಳಿ. ಗ್ರಾಮ ಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಲೇಬೇಕು, ಪಂಚಾಯಿತಿ ಲೆಕ್ಕಪತ್ರದ ಜಮಾಬಂದಿ ವರ್ಷಕ್ಕೊಮ್ಮೆ ಆಗಲೇಬೇಕು, ನೀವು ಆ ಊರಿನ ಮತದಾರರು. ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ) ಕಲಮಿನಡಿ ಪ್ರತಿ ಕಚೇರಿಯೂ 17 ಬಗೆಯ ವಿವರಗಳನ್ನು ಯಾರೂ ಕೇಳದೆಯೇ ಪ್ರಕಟಿಸಿರಬೇಕು. ಈ ವಾರ ಪಿಡಿಎಫ್ ಮುಚ್ಚಿ ಊರಿಗೆ ಹೋಗಿ, ಪಂಚಾಯಿತಿ ಕಚೇರಿಯಲ್ಲಿ ಆ ವಿವರ ಕೇಳಿ, ಕಳೆದ ಗ್ರಾಮ ಸಭೆಯ ನಡಾವಳಿ ಪುಸ್ತಕ ತೆಗೆಸಿ. ಸಭೆ ನಡೆದೇ ಇಲ್ಲದಿದ್ದರೆ ಪಿಡಿಒಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.